ನನ್ನನ್ನು ಪಾರ್ಸೆಲ್ ಎಂದು ಪರಿಗಣಿಸುವ ಕುರಿತು

ಇಂದ:
ಫೆನ್ನಾ ಹುಯಿಸಿಂಗ್,
ಈಜು ಶಿಕ್ಷಕಿ (ಸದ್ಯ ಊರುಗೋಲಿನ ಮೇಲೆ), ಗ್ರೋನಿಂಗನ್.

ಗೆ:
ದೂರು ವಿಭಾಗದ ಮುಖ್ಯಸ್ಥರು,
ಪಾರ್ಸೆಲ್ ಕಂಪನಿ, ಉಟ್ರೆಕ್ಟ್.

ವಿಷಯ: ನನ್ನನ್ನು ಒಡೆದ ಪಾರ್ಸೆಲ್ ಎಂದು ದಾಖಲಿಸಲು ಕೋರಿಕೆ.

ಉಲ್ಲೇಖ: ತಮ್ಮ ಪತ್ರ. "ಮಾರ್ಚ್ ಹನ್ನೊಂದರ ಮಧ್ಯಾಹ್ನ 2.14ಕ್ಕೆ ತಾವೇ 'ಸುಸ್ಥಿತಿ' ಎಂದು ಸಹಿ ಮಾಡಿರುವುದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ."

ಮಾನ್ಯರೇ,

1. ಮಾರ್ಚ್ ಹನ್ನೊಂದರ ಮಧ್ಯಾಹ್ನ ನಾನು ಈಜುಕೊಳಕ್ಕೆಂದು ಸೈಕಲ್ ಹತ್ತಿ ಮನೆಯಿಂದ ಹೊರಬಿದ್ದೆ. ತಮ್ಮ ಹೆಸರು ಹೊತ್ತ ವ್ಯಾನು ಸೈಕಲ್ ದಾರಿಯಲ್ಲೇ ಹಿಂದಕ್ಕೆ ನುಗ್ಗಿ ನನ್ನ ಬಲ ಮೊಣಕಾಲನ್ನು ಪುಡಿ ಮಾಡಿತು.

2. ಚಾಲಕ ಕಾಸ್ಮಿನ್ ಓಡಿ ಬಂದ. ಆಂಬುಲೆನ್ಸ್ ಕರೆಯಲು ಅವನ ಕೈಲಿದ್ದದ್ದು ತಾವು ಕೊಟ್ಟ ಫೋನು. ಕೈಲಿರುವ ಪಾರ್ಸೆಲ್‌ಗೆ ಸಹಿ ಬೀಳದೆ ಅದರಿಂದ ಯಾರಿಗೂ ಕರೆ ಹೋಗದು.

"ಅಮ್ಮಾ, ಇದು ನಿಮ್ಮ ಪಕ್ಕದ ಮನೆಯವರದ್ದು, ಅವರು ಮನೇಲಿಲ್ಲ. ಒಂದು ಸಹಿ ಗೀಚಿಬಿಡಿ, ಇಲ್ಲಾಂದ್ರೆ ಈ ಪಿಶಾಚಿ ಬಿಡಲ್ಲ," ಎಂದು ಅಳುತ್ತಲೇ ಕೇಳಿದ.

"ಏನಪ್ಪಾ ಇದೆ ಅದರಲ್ಲಿ?"

"ಆರು ವೈನ್ ಗ್ಲಾಸು."

ನೆರೆಮನೆಯ ಪಾರ್ಸೆಲ್ ಬೇಡವೆಂದವರು ನಮ್ಮ ಬೀದಿಯಲ್ಲಿಲ್ಲ. ಹಾಗಾಗಿ, ಟಾರಿನ ಮೇಲೆ ಮಲಗಿಯೇ, ಫೋನಿನ ಪರದೆಯಲ್ಲಿ "ಸುಸ್ಥಿತಿ" ಎಂದಿದ್ದರ ಕೆಳಗೆ ಬೆರಳಲ್ಲಿ ಗೀಚಿದೆ.

3. ಸುಸ್ಥಿತಿಯಲ್ಲಿದ್ದದ್ದು ಗ್ಲಾಸುಗಳು. ತಾವು ನನ್ನ ಮೊಣಕಾಲೆಂದು ಓದಿಕೊಂಡಿದ್ದೀರಿ. ಗ್ಲಾಸಿನ ಒಡತಿ, ಪಕ್ಕದ ಮನೆಯ ಹಿಲ್ಕೆ, ಆಸ್ಪತ್ರೆಗೇ ಬಂದು ಸಾಕ್ಷಿ ನುಡಿದಿದ್ದಾಳೆ: "ಒಂದೂ ಸೀಳಿಲ್ಲ ಕಣೇ! ನಿನ್ನನ್ನೂ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೀದಿಗೆ ಬಿಡಬೇಕಿತ್ತು." ನಕ್ಕರೆ ಮೊಣಕಾಲೂ ನೋಯುತ್ತದೆಂದು ಅಂದು ತಿಳಿಯಿತು. ಅದಿನ್ನು ಮಡಚುವುದಿಲ್ಲವಂತೆ. ಈಜುಕೊಳದವರು ಮೇ ತಿಂಗಳವರೆಗೆ ಮಾತ್ರ ಕಾಯುತ್ತಾರಂತೆ.

4. ತಮ್ಮ ಕಚೇರಿಗೆ ಫೋನು ಮಾಡಿದೆ.

"ಮೇಡಂ, ಡ್ರೈವರ್ ನಮ್ಮವನಲ್ಲ, ಗುತ್ತಿಗೆದಾರನವನು. ವ್ಯಾನು ಬಾಡಿಗೆಯದು."

"ಮತ್ತೆ ನಿಮ್ಮದು ಅಂತ ಏನಪ್ಪಾ ಇದೆ?"

"ಪಾರ್ಸೆಲ್ ಮಾತ್ರ, ಮೇಡಂ."

ಎರಡು ನಿಮಿಷಕ್ಕೊಂದು ಮನೆ ಮುಟ್ಟಬೇಕೆಂದು ಅವನನ್ನು ಓಡಿಸುವ ಗಡಿಯಾರ ಯಾರದ್ದೆಂದು ಕೇಳುವಷ್ಟರಲ್ಲಿ ಫೋನಿನಲ್ಲಿ ಕಾಯಿಸುವ ಸಂಗೀತ ಶುರುವಾಯಿತು. ಕಾಸ್ಮಿನ್‌ನನ್ನಂತೂ ಮರುದಿನವೇ ಕೆಲಸದಿಂದ ಕಿತ್ತಿರಿ. ತಮ್ಮವನೇ ಅಲ್ಲದವನನ್ನು ಅಷ್ಟು ಬೇಗ ಕಿತ್ತ ಕೈಚಳಕಕ್ಕೆ ಅಭಿನಂದನೆಗಳು.

5. ತಮ್ಮ ದೂರು ನಮೂನೆಯಲ್ಲಿ ಹರಿದದ್ದು, ನೆನೆದದ್ದು, ಒಡೆದದ್ದು, ಕಳೆದದ್ದು ಎಂಬ ಕಾಲಂಗಳಿವೆ. ಮನುಷ್ಯರಿಗೆ ಕಾಲಂ ಇಲ್ಲ. ಆದ್ದರಿಂದ "ಒಡೆದದ್ದು" ಎಂಬಲ್ಲಿ ಗುರುತು ಹಾಕಿದ್ದೇನೆ.

ಕಾರಣ, ತಮ್ಮದೆಂದು ತಾವು ಒಪ್ಪುವುದು ಪಾರ್ಸೆಲ್ ಒಂದನ್ನೇ ಆದ್ದರಿಂದ, ನನ್ನನ್ನೂ ಪಾರ್ಸೆಲ್ ಎಂದು ಅಂಗೀಕರಿಸಿ, ದಾಖಲೆಯಲ್ಲಿನ "ಸುಸ್ಥಿತಿ"ಯನ್ನು ಹೊಡೆದುಹಾಕಿ, ಪರಿಹಾರ ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ತಮ್ಮ ದಾಖಲೆಯಂತೆ ಸುಸ್ಥಿತಿಯಲ್ಲಿರುವ,
ತಮ್ಮ ವಿಶ್ವಾಸಿ,
ಫೆನ್ನಾ ಹುಯಿಸಿಂಗ್

ಲಗತ್ತುಗಳು:
ಅ) ಒಡೆದ ವಸ್ತುವಿನ ಚಿತ್ರ (ಎಕ್ಸ್-ರೇ, ಎರಡು ಬದಿ).
ಆ) ನಿಯಮದಂತೆ ಮೂಲ ಹೊದಿಕೆ: ಆಸ್ಪತ್ರೆಯವರು ಕತ್ತರಿಸಿ ತೆಗೆದ ಪ್ಯಾಂಟು, ಒಂದು.

ವಿ.ಸೂ.: ಮಂಜೂರಾತಿ ಸಾಧ್ಯವಿಲ್ಲದಿದ್ದಲ್ಲಿ, ತಲುಪದ ಪಾರ್ಸೆಲ್‌ಗಳಂತೆ ನನ್ನನ್ನೂ ಹೊರಟಲ್ಲಿಗೇ ವಾಪಸು ಕಳುಹಿಸಿ. ವಿಳಾಸ: ನನ್ನ ಮನೆ ಬಾಗಿಲು, ಮಾರ್ಚ್ ಹನ್ನೊಂದು, ಮಧ್ಯಾಹ್ನ 2.11. ಸಹಿ ನಾನೇ ಹಾಕುತ್ತೇನೆ, ನಿಂತುಕೊಂಡು.