ಬ್ಯಾಡಗಿಯ ಸೀನು

ಬ್ಯಾಡಗಿಯಲ್ಲಿ ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಊರು. ಅಲ್ಲಿ ಸೀನದೆ ಇರುವವನನ್ನೇ ‘ಆರಾಮಿಲ್ಲೇನಪಾ’ ಎಂದು ಕೇಳುತ್ತಾರೆ. ದಲಾಲಿ ಅಂಗಡಿಯಲ್ಲಿ ಚೀಲ ತೂಗುವ ಉಡಚಪ್ಪನಿಗೆ, ಹೊರಗಿನ ಜಗತ್ತಿನಲ್ಲಿ ಸೀನಿಗೆ ಬೇರೆಯೇ ಬೆಲೆಯಿದೆ ಎಂಬುದು ಮೂವತ್ತಾರು ವರ್ಷ ಗೊತ್ತಿರಲಿಲ್ಲ. ಗೊತ್ತಾದದ್ದು ಕನ್ಯೆ ನೋಡಲು ಹೊರಟ ದಿನ.

ಹನ್ನೊಂದು ಮನೆಯವರು ಅವನನ್ನು ಬೇಡವೆಂದಿದ್ದರು. ಹನ್ನೆರಡನೆಯದು ಮೇಡ್ಲೇರಿಯ ಬೀರಲಿಂಗಪ್ಪನ ಮಗಳು ಸುಚಿತ್ರಾ. ಫೋಟೋ ನೋಡಿ ಹುಡುಗಿಯೇ ‘ಬರಲಿ’ ಅಂದಿದ್ದಳು. ಹನ್ನೊಂದು ಗಂಟೆಗೆ ಬನ್ನಿ ಎಂದು ಹೇಳಿಕಳಿಸಿದ್ದರು. ಇದೂ ತಪ್ಪಿದರೆ ಮತ್ತೆ ಹುಡುಕುವವಳಲ್ಲವೆಂದು ಸೋದರತ್ತೆ ಮಂಗಳವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು.

ಹೊಸ ಅಂಗಿ ತೊಟ್ಟು ಅತ್ತೆಯೊಡನೆ ಬಸ್ ನಿಲ್ದಾಣದ ಕಡೆ ಹೊರಟವನನ್ನು ಸಾಹುಕಾರರು ಅಂಗಡಿಯಿಂದಲೇ ಕೂಗಿದರು.

“ಉಡಚಪ್ಪಾ, ಈ ಚೀಲದಾಗ ಹಸಿ ಐತೇನು, ಒಂದ್ ಸಲ ಕೈ ಹಾಕಿ ನೋಡಿ ಹೋಗಪಾ.”

ಒಂದು ಸಲ ಕೈ ಹಾಕಿದ, ಅಷ್ಟೇ. ಧೂಳೆಲ್ಲ ಮೂಗಿಗೆ ಏರಿತು.

ಆ ವರ್ಷ ಜ್ವರ ಬಹಳ ಲಗುಬಗೆಯಿಂದ ಬಂದಿತ್ತು. ಚಳಿ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ, ಆಗಲೇ ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಮನೆಮನೆಯಲ್ಲೂ ಕೆಮ್ಮು. ಆಟೋಗೆ ಮೈಕು ಕಟ್ಟಿಕೊಂಡು, ಬಾಯಿ ಮೂಗು ಮುಚ್ಚಿಕೊಳ್ಳಿರೆಂದು ಸಾರುತ್ತಿದ್ದರು. ಇಂಥ ಹೊತ್ತಿನಲ್ಲಿ, ಮೋಟೆಬೆನ್ನೂರು ದಾಟುತ್ತಲೇ, ತುಂಬಿದ ಬಸ್ಸಿನಲ್ಲಿ ಉಡಚಪ್ಪ ಸೀನಿದ.

“ಅಯ್ಯ, ಒಂಟಿ ಸೀನು! ಅಪಶಕುನ. ಇನ್ನೊಂದ್ ಸೀನಿಬಿಡು,” ಎಂದಳು ಮಂಗಳವ್ವ.

ಅವನು ಹಿರಿಯರ ಮಾತು ಮೀರುವವನಲ್ಲ. ಇನ್ನೊಂದಲ್ಲ, ಇನ್ನೂ ಏಳು ಸೀನಿದ. ಶಕುನದ ಲೆಕ್ಕ ಸರಿಹೋಯಿತು. ಆದರೆ ಸುತ್ತಲಿನ ಸೀಟುಗಳೆಲ್ಲ ಖಾಲಿಯಾಗಿ, ಜನ ಡ್ರೈವರನ ಬೆನ್ನಿಗೆ ಹೋಗಿ ಆತುಕೊಂಡರು.

“ಜ್ವರ ಅಲ್ರಿ, ಮೆಣಸಿನಕಾಯಿ ಘಾಟು!” ಎಂದು ಕೈಮುಗಿದ.

“ಎಲ್ಲಾರೂ ಹಿಂಗ ಏನರ ಒಂದ್ ಹೇಳ್ತಾರ,” ಎಂದ ಕಂಡಕ್ಟರ್. ಹೊಳಿಯವ್ವ ಎಂಬ ಮುದುಕಿಯೊಬ್ಬಳಿಗೆ ಮಾತ್ರ ಕರುಳು ಚುರ್ ಎಂದು, ಕೇಳದೆ ಮಾಡದೆ ಅವನ ಮೂಗಿಗೂ ಹಣೆಗೂ ಮುಲಾಮು ಮೆತ್ತಿದಳು. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಈಗಂತೂ ಅವನನ್ನು ನೋಡಿದವರು ರೋಗಿಯಲ್ಲ ಎನ್ನುವಂತಿರಲಿಲ್ಲ.

ಅದೇ ಬಸ್ಸಿನಲ್ಲಿದ್ದ ಮೇಡ್ಲೇರಿಯ ಬಟ್ಟೆ ವ್ಯಾಪಾರಿ ಶಮಶೇರಸಾಬ, ದೂರದಿಂದಲೇ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಮಂಗಳವ್ವ ಹೆಮ್ಮೆಯಿಂದ ಹೇಳಿಬಿಟ್ಟಳು. ಪರೋಪಕಾರಿ ಮನುಷ್ಯ, ತಡ ಮಾಡಲಿಲ್ಲ, ಫೋನು ತೆಗೆದ.

“ಬೀರಲಿಂಗಪ್ಪಣ್ಣಾ, ನಿಮ್ಮನೀಗೆ ಬರೂ ವರಗ ಜ್ವರ ಜೋರ್ ಐತಿ ನೋಡು. ಒಂದ ಊರಿನವ್ರು, ಹೇಳಬೇಕನಿಸ್ತು, ಹೇಳೇನಿ.”

ಇದನ್ನೆಲ್ಲ ಉಡಚಪ್ಪ ಕೇಳಿಸಿಕೊಂಡ. ರಾಣೆಬೆನ್ನೂರಿನಲ್ಲಿ ಇಳಿದವನೇ ಅತ್ತೆಯ ಕೈ ಹಿಡಿದು ದವಾಖಾನೆಗೆ ನಡೆದ.

“ಫೋನ್ ಮಾಡಿ ಹೇಳಿದ್ರ ಆತಲ್ಲೋ. ಹೊತ್ತಾಗತೈತಿ!”

“ಕಂಡಕ್ಟರನ ಮುಂದ ನಿಂತು ಹೇಳಿದ್ರ ನಂಬಲಿಲ್ಲ ಅತ್ತಿ, ಫೋನಿನ್ಯಾಗ ಅವರು ನಂಬ್ತಾರ? ಡಾಕ್ಟರ್ ಕಡೆ ಚೀಟಿನ ಬರಿಸ್ಕೊಂಡು ಹೋಗೂಣು.”

ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಕ್ಕೆ ಕೆಮ್ಮುವವರು, ಬಲಕ್ಕೆ ನರಳುವವರು, ನಡುವೆ ಮೂರು ತಾಸು ಉಡಚಪ್ಪ. ಕೊನೆಗೆ ಡಾಕ್ಟರು ನೋಡಿ ನಕ್ಕರು.

“ಈ ವಾರದಾಗ ನಾ ನೋಡಿದ ಮೊದಲನೇ ಆರಾಮಿದ್ದ ಮನುಷ್ಯಾ ನೀವ ನೋಡ್ರಿ.”

‘ಇವರಿಗೆ ಜ್ವರವಿಲ್ಲ, ಸೀನು ಮೆಣಸಿನಕಾಯಿಯದು’ ಎಂದು ಬರೆದು ಮೊಹರು ಒತ್ತಿದರು. ಹನ್ನೊಂದು ಮನೆಯವರ ಎದುರು ತಲೆ ತಗ್ಗಿಸಿದ್ದ ಉಡಚಪ್ಪ, ತನ್ನ ಬಗ್ಗೆ ಕಾಗದದ ಮೇಲೆ ಬಿದ್ದ ಆ ಒಳ್ಳೆಯ ಮಾತನ್ನು ಎರಡೆರಡು ಸಲ ಓದಿ, ಮಡಚಿ ಜೇಬಿಗಿಟ್ಟ.

ಮೇಡ್ಲೇರಿ ಮುಟ್ಟಿದಾಗ ಮೂರು ಗಂಟೆ. ಕಂಬಳಿ ಹೊದ್ದು ಬಾಗಿಲಿಗೆ ಬಂದ ಬೀರಲಿಂಗಪ್ಪ. ಉಡಚಪ್ಪ ಚೀಟಿಯನ್ನು ಎತ್ತಿ ಹಿಡಿದ.

“ಮಾವಾರ, ನನಗ ಜ್ವರ ಇಲ್ರಿ! ಓದಿ ನೋಡ್ರಿ!”

ಬೀರಲಿಂಗಪ್ಪ ಓದಿದ. ಮುಖ ಸಪ್ಪಗಾಯಿತು.

“ಖರೇನ ಇಲ್ಲೇನ್ರಿ? ಹಂಗಾರ ಒಳಗ ಬರಬ್ಯಾಡ್ರಿ. ನಮ್ಮ ಮನಿಮಂದಿಗೆಲ್ಲಾ ಜ್ವರ. ನಿಮಗ ಅಂಟೀತಂತ, ಇವತ್ತ ಬ್ಯಾಡ ಅಂತ ಹೇಳಾಂವ ಇದ್ದೆ. ಅಷ್ಟರಾಗ ಸಾಬರ ಫೋನ್ ಬಂತು. ನಿಮಗೂ ಜ್ವರ, ನಮಗೂ ಜ್ವರ, ಇನ್ನ ಯಾರು ಯಾರಿಗೆ ಅಂಜಬೇಕು ಅಂತ ಖುಷಿಲೆ ಉಪ್ಪಿಟ್ಟು ಮಾಡಿಟ್ಟು ಕಾದ್ವಿ.”

“ಈಗರ ಬಂದೇವಲ್ರಿ,” ಎಂದಳು ಮಂಗಳವ್ವ.

“ಎರಡ ಗಂಟೆ ತನಕಾ ಕಾದ್ವಿ ಅವ್ವಾ. ನೀವು ಒಲ್ಲೆ ಅಂದ್ರಿ ಅಂದ್ಕೊಂಡ್ವಿ. ಆಮ್ಯಾಲ ಐರಣಿ ಊರಿನ ಮೈಲೇಶ ಕನ್ಯಾ ನೋಡಾಕ ಬಂದ್ರು, ಅವರೂ ಜ್ವರದವರು. ಒಳಗ ಕುಂತು ಉಪ್ಪಿಟ್ಟು ತಿಂದ್ರು, ಲಗ್ನದ ಮಾತು ಮುಗದಹೋತು. ಲಗೂನ ಊರ ಮುಟ್ರಿ, ಒಳ್ಳೇ ಮಂದಿ ನೀವು, ಸುಮ್ನ ನಿಮಗ ಯಾಕ ಈ ಜಡ್ಡು.”

ಮೂರನೆಯ ದಿನ ಉಡಚಪ್ಪನಿಗೆ ಜ್ವರ ಬಂತು, ನೂರಾ ಎರಡು. ದವಾಖಾನೆಯ ಬೆಂಚಿನ ಪ್ರಸಾದ. ಮಂಗಳವ್ವ ಅವನ ಹಣೆ ಮುಟ್ಟಿ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ, ಪಕ್ಕದಲ್ಲಿ ಕುಳಿತಳು.

“ನಿನಗ ಎಲ್ಲಾನೂ ಬರ್ತಾವಪಾ,” ಎಂದಳು, “ತಡಾ ಮಾಡಿ ಬರ್ತಾವ.”