ಮೋತಿಯ ಪಾಲಿನ ಎರಡು ಕೊಡ

ಬರ ಬಿದ್ದಾಗ ಬಾವಿ ಒಣಗೋದು ಆಮ್ಯಾಲ, ಮಂದಿ ನಾಚಿಕಿ ಒಣಗೋದು ಮೊದಲು. ಸಾಲಿಯೊಳಗ ಎರಡು ವರ್ಷ ಕೂತಾಕಿ ನಾನು, ಚಿದ್ರಿಯ ಈ ಓಣಿ ಕಟ್ಟಿ ಮೇಲೆ ನಲವತ್ತು ವರ್ಷ. ಕಲಿತದ್ದೆಲ್ಲಾ ಕಟ್ಟಿ ಮೇಲೇ. ಇಲ್ಲಿ ದಿನಾ ಒಂದಿಲ್ಲೊಂದು ನಡೀತದ. ಆ ವರ್ಷ ನಡೆದದ್ದು ಮಾತ್ರ ಒಂದು ನಾಯಿಯ ಹೆಸರಿನ ಸಲುವಾಗಿ.

೧. ಠಾಣಾ ಕುಶನೂರದ ಮೆಹಮಾನ

ಆ ಬ್ಯಾಸಿಗಿಯೊಳಗ ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನೀರಿನ ಟ್ಯಾಂಕರ್ ಬರ್ತಿತ್ತು. ಪಟ್ಟಿಯೊಳಗ ಹೆಸರಿದ್ದವರಿಗೆ ತಲಿಗೆ ಎರಡು ಕೊಡ. ಹೆಸರಿಲ್ಲ, ನೀರಿಲ್ಲ. ಪಟ್ಟಿ ಬರೆಯುವವನು ಓಣಿಯ ಪಿಂಚಣಿ ಮಾಮಾ.

ಮೂಲಿಮನಿ ವೈನಿಗೆ ಒಂದು ದೊಡ್ಡ ಫಿಕರ್ ಇತ್ತು. ಭಾಲ್ಕಿಗೆ ಕೊಟ್ಟ ಮಗಳು ಹೆರಿಗೆಗೆ ಬಂದಿದ್ದಳು. ಇನ್ನೊಂದು ತಿಂಗಳಿಗೆ ಬಾಣಂತಿ. ದಿನಾ ಎರೆಯಲಿಕ್ಕೆ ಬಿಸಿನೀರು ಬೇಕು. ಆದರೆ ಮಗಳ ಹೆಸರು ಭಾಲ್ಕಿಯ ಪಟ್ಟಿಯೊಳಗ. ಇಲ್ಲಿ ಒಂದು ತಂಬಿಗಿನೂ ಇಲ್ಲ.

ಅಂಥಾದ್ರಾಗ ಠಾಣಾ ಕುಶನೂರದಾಗಿನ ವೈನಿಯ ಸಂಬಂಧಿಕರು ಮನಿಗೆ ಕೀಲಿ ಹಾಕಿ, ಹೈದರಾಬಾದಿಗೆ ದುಡಿಯಲಿಕ್ಕೆ ಹೊರಟವರು, ಬಸ್ ಹತ್ತುವ ಮುಂದ ತಮ್ಮ ನಾಯಿ ತಂದು ವೈನಿಯ ಅಂಗಳದಾಗ ಕಟ್ಟಿದರು.

"ಮಳಿ ಆದಕೂಡ್ಲೇ ಬಂದು ಒಯ್ತೀವ್ರಿ ವೈನಿ."

"ನಮಗ ಕುಡ್ಯಾಕ ನೀರಿಲ್ಲ, ಇದಕ್ಕೆಲ್ಲಿಂದ ತರ್ಲಿ? ಹೆಸರಾದ್ರೂ ಏನು ಇದರದು?"

"ಹೆಸರೇನ್ರಿ, ನಾಯಿ ಅಂತೇವಿ, ಬರ್ತದ."

ಎರಡು ದಿನ ವೈನಿ ಅದಕ್ಕೆ ಒಣರೊಟ್ಟಿಯ ತುಣುಕು ಎಸೆದಳು. ಮೂರನೇ ದಿನ ಅದನ್ನು ತಲಿಯಿಂದ ಬಾಲದ ತನಕ ನೋಡಿದಳು. ಇದಕ್ಕೊಂದು ಹೆಸರಿದ್ದರೆ ಎರಡು ಕೊಡ! ಅವತ್ತು ರೊಟ್ಟಿ ಜೋಡಿ ಪಲ್ಯಾನೂ ಬಿತ್ತು.

೨. ಎರಡೂ ಕಡೆ ಕೂಡುವ ಹೆಸರು

ಅವಳ ಗಂಡನಿಗೆ ನಾವೆಲ್ಲಾ ಕಾಕಾ ಅಂತೇವಿ. ಕಾಕಾ "ಟಾಮಿ ಅಂತ ಇಡು" ಅಂದ.

"ಟಾಮಿ ಅಂದ್ರ ಪಿಂಚಣಿ ಮಾಮಾ ಬರಕೋತಾನೇನು? ಮನಷ್ಯಾರ ಹೆಸರು ಬೇಕು. ಅದೂ ಹಳೀದು ಬೇಕು. ಹೊಸಾ ಹೆಸರಿಟ್ರ ಯಾವ ಸಾಲಿಗಿ ಹೋಗ್ತದ ಅಂತ ಕೇಳ್ತಾರ. ಗಂಡ್ಸಿಗೂ ಕೂಡ್ಬೇಕು, ಹೆಂಗ್ಸಿಗೂ ಕೂಡ್ಬೇಕು."

"ಎರಡೂ ಯಾಕ?"

"ತಪಾಸಣಿಗಿ ಯಾವನರ ಬಂದ್ರ, ಅವತ್ತ ಮನ್ಯಾಗ ಯಾರ ಇರ್ತಾರೋ ಅವರ್ನೇ ತೋರ್ಸಬೇಕಲ್ಲ!"

ನೋಡ್ರಿ, ವಕೀಲರಿಗೂ ಇಷ್ಟು ತಲಿ ಓಡೋದಿಲ್ಲ.

ಕಾಕಾ "ರಾಜಾ" ಅಂದ. ವೈನಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಮಾವನ ಹೆಸರು ರಾಜಪ್ಪ. "ಮಾವನ ಹೆಸರು ನನ್ನ ಬಾಯಿಲೆ ಹ್ಯಾಂಗ ತಗೋಲಿ?" ಖರೇನೇ. ಮಾವ ಬದುಕಿದ್ದಾಗ ಅವನಿಗೆ ಆ ಹೆಸರೊಂದು ಬಿಟ್ಟು ಉಳಿದದ್ದೆಲ್ಲಾ ಅಂದಾಕಿ.

ಕಾಕಾ ತುಸು ಯೋಚನಿ ಮಾಡಿ, "ಕಮಲ ಇಡು. ಗಂಡ್ಸಿಗೂ ನಡೀತದ, ಹೆಂಗ್ಸಿಗೂ ನಡೀತದ" ಅಂದ.

ವೈನಿಯ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು. "ಬಗದಲ್‌ದಾಕಿ ಇನ್ನಾ ನೆನಪದಾಳೇನು ನಿಮಗ?"

ಕಾಕಾ ಒಂದು ಕಾಲಕ್ಕೆ ಬಗದಲ್‌ನಲ್ಲಿ ನೌಕರಿ ಮಾಡಿದ್ದ. ಆ ಕಥಿ ನನಗೂ ಪೂರಾ ಗೊತ್ತಿಲ್ಲ, ಮುಕ್ಕಾಲು ಮಾತ್ರ ಗೊತ್ತು. ಚಪ್ಪಲಿ ಹಾಕೊಳ್ಳದೇ ಮನಿ ಬಿಟ್ಟ ಕಾಕಾ, ಸಂಜಿ ಊಟಕ್ಕೇ ಬಂದ.

ಗೋಡಿ ಆಚಿಂದ ನಾನೇ ಹೇಳಿದೆ: "ಮೋತಿ ಅಂತ ಇಡವಾ. ಗಂಡು ಬೇಕಾದ್ರ ಮೋತಿರಾಮ, ಹೆಣ್ಣು ಬೇಕಾದ್ರ ಮೋತಿಬಾಯಿ. ಯಾರೂ ಕೇಳದಿದ್ರ ನಾಯಿ."

ಪಟ್ಟಿಯೊಳಗ ಹೆಸರು ಬಿತ್ತು. ಮನಿಯೊಳಗ ಎರಡು ಕೊಡ ಬಿದ್ದವು.

೩. ನಾನು ಯಾರಿಗೂ ಹೇಳಲಿಲ್ಲ

ಈ ಗುಟ್ಟು ನಾನು ಯಾರಿಗೂ ಹೇಳಲಿಲ್ಲ. ಎದುರು ಮನಿಯಾಕಿಗೆ ಅಷ್ಟೇ ಹೇಳಿದೆ. ಅದೂ ಆಣಿ ಹಾಕಿಸಿಕೊಂಡು.

ನಾಲ್ಕು ದಿನದಾಗ ಎದುರು ಮನಿಯ ಆಡು ಜ್ಯೋತಿ ಆಯಿತು. ಅದರಾಚೆ ಮನಿಯ ಹೋರಿ ಕಿರಣ ಆಯಿತು. ಅರ್ಧ ಓಣಿ ಕೀಲಿ ಜಡಿದು ದುಡಿಯಲಿಕ್ಕೆ ಪುಣೆ, ಹೈದರಾಬಾದ್ ಸೇರಿತ್ತು. ಓಣಿ ಖಾಲಿ ಆದಂಗೆಲ್ಲಾ ಪಟ್ಟಿ ಮಾತ್ರ ತುಂಬಿಕೊಂತ ಹೋಯಿತು.

ಒಂದಿನ ಟ್ಯಾಂಕರ್ ಮುಂದ ಜಗಳ ಹತ್ತಿತು.

"ನಾಯಿ ಪಾಲಿನ ನೀರು ಒಯ್ತಿಯಲ್ಲ, ನಾಚಿಕಿ ಬರಲ್ಲೇನು?" ಅಂದಳು ಎದುರು ಮನಿಯಾಕಿ.

"ನಿಮ್ಮ ಜ್ಯೋತಿಗಿ ಗಡ್ಡ ಬಂದದಲ್ಲ, ಮೊದಲ ಅದರ ಲಗ್ನ ಮಾಡು ಹೋಗು!" ಅಂದಳು ವೈನಿ.

ಪಿಂಚಣಿ ಮಾಮಾ ನಡುವ ಬಂದ. "ಸುಮ್ಮನಿರ್ರಿ ಇಬ್ಬರೂ! ನನ್ನ ಪಟ್ಟಿಯೊಳಗ ಬಿಲ್ಕುಲ್ ಸುಳ್ಳು, ಖೊಟ್ಟಿ ಹೆಸರಿಲ್ಲ."

ಆ ಪಟ್ಟಿಯೊಳಗ ಅವನ ಅಪ್ಪನ ಹೆಸರೂ ಇತ್ತು. ಬದುಕಿದ್ದಾಗ ಆ ಮುದುಕ ಹಬ್ಬಕ್ಕೊಮ್ಮೆ ಜಳಕ ಮಾಡ್ತಿದ್ದ. ಸತ್ತು ಹತ್ತು ವರ್ಷ ಆದ ಮೇಲೆ ಮೂರು ದಿನಕ್ಕೊಮ್ಮೆ ಎರಡು ಕೊಡ ಸುರುವಿಕೊಳ್ಳಾಕತ್ತ.

೪. ತೊಟ್ಟಿಲ ದಿನ

ವೈನಿಯ ಮಗಳು ಹೆಣ್ಣು ಹಡೆದಳು. ವೈನಿ ಓಡಿ ಹೋಗಿ ಪಿಂಚಣಿ ಮಾಮಾನಿಗೆ, "ಕೂಸಿನ ಪಾಲು ಕೊಡ್ರಿ" ಅಂದಳು.

"ಹೆಸರು?"

"ಹೆಸರು ತೊಟ್ಟಿಲಾಗ ಹಾಕಿದ ಮ್ಯಾಲ ಇಡೋದಲ್ರಿ?"

"ಹಂಗಾದ್ರ ತೊಟ್ಟಿಲಾದ ಮ್ಯಾಲೇ ಬಾ."

ಹನ್ನೆರಡು ದಿನ ಕೂಸಿಗೂ ಬಾಣಂತಿಗೂ ನಾಯಿಯ ಪಾಲಿನ ನೀರೇ ಗತಿ. ನಾಯಿಗೆ ಹೆಸರಿತ್ತು, ಕೂಸಿಗೆ ಇರಲಿಲ್ಲ.

ತೊಟ್ಟಿಲ ದಿನ ಭಾಲ್ಕಿಯಿಂದ ಬೀಗತಿ ಬಂದಳು. ಹೆಸರು ಇಡಲಿಕ್ಕೆ ಅವಳ ಮಗಳು, ಅಂದ್ರೆ ಕೂಸಿನ ಸೋದರತ್ತಿನೂ ಬಂದಳು. ನಾವು ಹೆಂಗಸರು ತೊಟ್ಟಿಲ ಸುತ್ತ ಕೂತಿದ್ದೆವು. ಅಷ್ಟರಾಗ ಬಾಗಿಲಿಗೆ ತಪಾಸಣಿ ಸಾಹೇಬ! ಒಂದು ಖೊಟ್ಟಿ ಹೆಸರು ಸಿಕ್ಕರೂ ಇಡೀ ಮನಿಯ ಹೆಸರು ಹೊಡೆದು ಹಾಕ್ತಾನ ಅಂತ ಅವತ್ತೇ ಸುದ್ದಿ ಬಂದಿತ್ತು. ಹಸಿ ಬಾಣಂತಿ ಒಳಗ ಮಲಗ್ಯಾಳ, ಬೀಗತಿ ಎದುರಿಗೆ ಕೂತಾಳ. ವೈನಿಯ ಮಾರಿ ಸುಣ್ಣದಂಗ ಆಯಿತು.

"ಮೋತಿ. ಯಾರಿದು?" ಅಂದ ಸಾಹೇಬ.

ವೈನಿ ತೊಟ್ಟಿಲ ಕಡೆ ಬೆರಳು ಮಾಡಿದಳು. "ಅಲ್ಲಿ ಮಲಗ್ಯಾದ್ರಿ. ನನ್ನ ಮೊಮ್ಮಗಳು."

"ಪಟ್ಟಿಯೊಳಗ ಹೆಸರು ಬಂದು ಒಂದೂವರಿ ತಿಂಗಳಾತು. ಈ ಕೂಸು ಎಷ್ಟು ದಿನದ್ದು?"

"ಹದಿಮೂರು ದಿನದ್ದ್ರಿ. ನಮ್ಮನ್ಯಾಗ ಹೆಸರು ಮೊದಲ, ಕೂಸು ಆಮ್ಯಾಲ. ಗಂಡಾಗ್ಲಿ ಹೆಣ್ಣಾಗ್ಲಿ, ಎರಡಕ್ಕೂ ಕೂಡೋದೇ ನೋಡಿ ಇಟ್ಟೀವ್ರಿ."

ಸಾಹೇಬ ತೊಟ್ಟಿಲಿಗೆ ಬಗ್ಗಿದ. ಖರೇನೋ ಸುಳ್ಳೋ ನೋಡಲಿಕ್ಕೋ, ಮುದ್ದಿಗೋ, "ಮೋತಿ! ಏ ಮೋತಿ!" ಅಂತ ಕರೆದ.

ಹಿತ್ತಲಿಂದ ನಾಯಿ ಹಗ್ಗ ಹರಕೊಂಡು ಬಂತು. ಹೆಂಗಸರ ನಡುವಿನಿಂದ ನುಗ್ಗಿ, ಸಾಹೇಬನ ಮೊಣಕಾಲ ಮೇಲೆ ಎರಡೂ ಮುಂಗಾಲು ಊರಿ, ಬಾಲ ಅಲ್ಲಾಡಿಸಿಕೊಂತ ನಿಂತಿತು. ವೈನಿ ಕಣ್ಣು ಮುಚ್ಚಿಬಿಟ್ಟಳು.

ಆಗ ಬೀಗತಿ ಎಲಿಗೆ ಸುಣ್ಣ ಹಚ್ಚಿಕೊಂತ ಬಾಯಿ ತೆರೆದಳು. "ಕೂಸಿಗಿ ಇನ್ನಾ ಕಾಲು ಬಂದಿಲ್ಲಲ್ರಿ ಸಾಹೇಬ್ರ. ಯಾರು ಕರದ್ರೂ ನಾಯಿನ್ನೇ ಕಳಸ್ತದ."

ಸಾಹೇಬ ನಾಯಿಯನ್ನು ನೋಡಿದ, ಬೀಗತಿಯನ್ನು ನೋಡಿದ. ಎರಡರಾಗ ಯಾವುದಕ್ಕೆ ಹೆದರಿದನೋ, ಪಟ್ಟಿಯೊಳಗ ಗುರುತು ಹಾಕಿ ಹೊರಬಿದ್ದ.

ಸೋದರತ್ತಿ ಕೂಸಿನ ಕಿವಿಯೊಳಗ ಹೆಸರು ಊದಿದಳು. ನಾವು ರೂಢಿ ಪ್ರಕಾರ ಅವಳ ಬೆನ್ನಿಗೆ ಗುದ್ದಿದೆವು, ನಾನು ಒಂದೆರಡು ಜಾಸ್ತಿನೇ ಗುದ್ದಿದೆ. ಆಮೇಲೆ ಅವಳು ಜೋರಾಗಿ "ಕಸ್ತೂರಿ" ಅಂದಳು.

ವೈನಿಗೆ ಕಣ್ಣಾಗ ನೀರು ಬಂತು. ಬೀಗತಿಯ ಕೈ ಹಿಡಿದು, "ಎಷ್ಟು ಛಂದ ಹಳೀ ಹೆಸರ್ರಿ ಅಕ್ಕಾರ! ನಿಮ್ಮನ್ಯಾಗ ಹಿರೇರದೇನ್ರಿ?" ಅಂದಳು.

"ನಮ್ಮ ಎಮ್ಮೀದ್ರಿ" ಅಂದಳು ಬೀಗತಿ. "ಪಟ್ಟಿ ನೋಡಾಕ ಸಾಹೇಬ ಮುಂದಿನ ವಾರ ಭಾಲ್ಕಿಗಿ ಬರಾವ ಇದ್ದಾನಂತ. ಕೂಸಿನ್ನ ಜಲ್ದಿ ಕಳಸ್ರಿ."