ಬಿಸಿ ಕಪಾಟಿನ ಹಿಟ್ಟು

ವಡೋದರದ ಜನವರಿ ಚಳಿಗೆ ಮಂದಾಕಿನಿಯ ಇಡ್ಲಿ ಹಿಟ್ಟು ಹುಳಿ ಬರುವುದನ್ನೇ ಮರೆತುಬಿಟ್ಟಿತ್ತು. ಅವಳ ಗಂಡ ರಘುರಾಮನ ಕಷ್ಟ ಶುರುವಾದದ್ದು ಅಲ್ಲಿಂದಲೇ.

"ನಿಮ್ಮ ಫ್ಯಾಕ್ಟರಿಯ ಆ ಬಿಸಿ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡ್ಲಿಕ್ಕೆ ಆಗುದಿಲ್ವಾ ಮಾರಾಯ್ರೆ?" ಎಂದಳು.

ಪೆಟ್ಟಿಗೆ ಅಂದದ್ದಕ್ಕೇ ರಘುರಾಮನಿಗೆ ಬೇಸರವಾಯಿತು. ಊರಂಚಿನ ಗೋರ್ವಾದಲ್ಲಿದ್ದ ಆ ಮುಖದ ಕ್ರೀಮಿನ ಕಂಪನಿಯಲ್ಲಿ ಅವನ ಪಾಲಿಗೆ ಅದೇ ಗರ್ಭಗುಡಿ. ಆಳೆತ್ತರದ ಕಪಾಟು, ಒಳಗೆ ಸದಾ ಮೇ ತಿಂಗಳ ಸೆಕೆ. ಮೂರು ತಿಂಗಳು ಅದರೊಳಗೆ ಕೆಡದೆ ಕೂತ ಕ್ರೀಮು ಅಂಗಡಿಯಲ್ಲಿ ಎರಡು ವರ್ಷ ಕೆಡುವುದಿಲ್ಲವೆಂದು ಲೆಕ್ಕ. ಕಾಲವನ್ನೇ ಓಡಿಸುವ ಆ ಯಂತ್ರದ ಮುಂದೆ ನಿಂತರೆ ಸಾಕು, ಅವನು ಕೈಮುಗಿಯುತ್ತಿದ್ದ. ಅವನೇ ತಯಾರಿಸಿದ ಕೇಸರಿ ಕ್ರೀಮಿನ ಮೂರು ತಿಂಗಳ ಪರೀಕ್ಷೆ ಮರುದಿನ ಮುಗಿಯುವುದಿತ್ತು. ಹಿಂದಿನ ತಿಂಗಳು ನೋಡಿದಾಗ ಬೆಣ್ಣೆಯಂತಿತ್ತು. ಪಾಸಾದರೆ ನೌಕರಿ ಖಾಯಂ, ಇಲ್ಲದಿದ್ದರೆ ಮತ್ತೆ ಟ್ರೇನಿ.

ಆದರೂ ಹೆಂಡತಿಯ ಮಾತು ತೆಗೆದುಹಾಕಲಾದೀತೇ? ಸಂಜೆ ಹಿಟ್ಟಿನ ಪಾತ್ರೆಯನ್ನು ಮೇಲಿನ ಶೆಲ್ಫಿನಲ್ಲಿಟ್ಟು ಬಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೆಗೆದರಾಯಿತೆಂದು ಓಡಿಹೋದರೆ, ಮಾಲೀಕ ಕಾಂತಿಲಾಲ್ ಶೇಠರು ಸೂರತ್ತಿನ ವ್ಯಾಪಾರಿಯೊಬ್ಬನ ಜೊತೆ ಆಗಲೇ ಕಪಾಟಿಗೆ ಕೈಹಚ್ಚಿದ್ದರು. ಬಾಗಿಲು ತೆರೆದದ್ದೇ ತಡ, ಹುಳಿ ವಾಸನೆ ಎಲ್ಲರ ಮೂಗಿಗೆ ಬಡಿಯಿತು.

ಹಿಟ್ಟು ಮುಚ್ಚಳ ಎತ್ತಿ ಉಕ್ಕಿ, ಕೆಳಗಿನ ಕ್ರೀಮು ಡಬ್ಬಿಗಳನ್ನೆಲ್ಲ ಮುಳುಗಿಸಿತ್ತು. ಅವಮಾನದ ನಡುವೆಯೂ ರಘುರಾಮ ಬೆರಗಾಗಿ ನೋಡಿದ. ಇಷ್ಟು ಚೆಂದ ಉಬ್ಬಿದ ಹಿಟ್ಟನ್ನು ಅವನು ಉಡುಪಿಯಲ್ಲೂ ಕಂಡಿರಲಿಲ್ಲ. ಕ್ರೀಮೇ ಕೊಳೆತು ಉಕ್ಕಿದೆಯೆಂದು ಸಹೋದ್ಯೋಗಿ ನಮಿತಾ ಹಣೆ ಚಚ್ಚಿಕೊಂಡಳು. ವ್ಯಾಪಾರಿ ಮೂಗು ಮುಚ್ಚಿ ಬಾಗಿಲ ಕಡೆ ಸರಿದ. ಕ್ರೀಮಿನ ಮಾನ ಉಳಿಯಬೇಕಾದರೆ ತನ್ನ ಮಾನ ಹೋಗಲೇಬೇಕೆಂದು ರಘುರಾಮನಿಗೆ ತಿಳಿಯಿತು.

"ಕ್ರೀಮ್ ಚೆನ್ನಾಗಿದೆ ಶೇಠ್‌ಜೀ. ಇದು ನಮ್ಮನೆ ಇಡ್ಲಿ ಹಿಟ್ಟು."

ಶೇಠರು ಬೆರಳಲ್ಲಿ ಹಿಟ್ಟು ತೆಗೆದು ಮೂಸಿ, ಕಣ್ಣರಳಿಸಿದರು. ಆಮೇಲೆ ಡಬ್ಬಿಯೊಂದನ್ನು ಒರೆಸಿ ತಾವೇ ಮುಚ್ಚಳ ತಿರುಗಿಸಿದರು. ಕೆಳಗೆ ನೀರು, ಮೇಲೆ ಎಣ್ಣೆ. ಬಿಗಿಯಾಗಿ ಮುಚ್ಚಿದ್ದ ಡಬ್ಬಿಯೊಳಗೆ ಹಿಟ್ಟಿನ ಹನಿಯೂ ಹೋಗಿರಲಿಲ್ಲ. ಕ್ರೀಮು ತನ್ನಷ್ಟಕ್ಕೆ ತಾನೇ ಒಡೆದಿತ್ತು.

"ಮೂರು ತಿಂಗಳಲ್ಲಿ ನಿನ್ನ ಕ್ರೀಮ್ ಹಾಳಾಯ್ತು. ಒಂದೇ ರಾತ್ರೀಲಿ ನಿನ್ನ ಹೆಂಡ್ತಿ ಹಿಟ್ಟು ಹದವಾಯ್ತು," ಎಂದರು ಶೇಠರು, ನಿಜವಾಗಿಯೂ ಬೆರಗಾಗಿ. ಟೆಸ್ಟು ಹೊಸದಾಗಿ ಶುರುವಾಗಲಿ, ಅಲ್ಲಿಯವರೆಗೆ ನೀನು ಟ್ರೇನಿಯೇ, ನಾಳೆಯಿಂದ ಮೇಲಿನ ಶೆಲ್ಫು ನಮ್ಮ ಮನೆಯ ಢೋಕ್ಲಾ ಹಿಟ್ಟಿಗೆ ಎಂದು ಅಪ್ಪಣೆಯೂ ಆಯಿತು. ನಡುವಿನ ಶೆಲ್ಫನ್ನು ನಮಿತಾ ತನ್ನ ಮನೆಯ ಹಿಟ್ಟಿಗೆಂದು ಆಗಲೇ ಕೇಳಿಟ್ಟುಕೊಂಡಳು.

ಮಂಜಲ್‌ಪುರದ ಮನೆಗೆ ಬಂದ ರಘುರಾಮ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಮಂದಾಕಿನಿ ಅವನ ಕೈಯಿಂದ ಹಿಟ್ಟಿನ ಪಾತ್ರೆ ತೆಗೆದುಕೊಂಡು ಕೇಳಿದಳು:

"ಹಾಗಾದ್ರೆ ಇನ್ನು ನಮ್ಮ ಹಿಟ್ಟು ಎಲ್ಲಿ ಇಡುದು?"